ಮಾಲೂರಿನ ಗೋಡುಮಣ್ಣಿನಲ್ಲಿ ಕಪ್ಪು ಹೂಕುಂಡ

ನಾಲ್ಕು ತಿಂಗಳಿಂದ ನಮ್ಮ ಮನೆಯ ತಾರಸಿಯ ಮೇಲೆ ತಿಗರಿಯಿಲ್ಲದೆ ಹೂಕುಂಡ ಮಾಡುವ ಪ್ರಯತ್ನ ನಡೆದಿದೆ. ಇಟ್ಟಿಗೆಗೂ ಹೆಂಚಿಗೂ ಹೆಸರಾದ ಮಾಲೂರಿನಲ್ಲಿದ್ದುಕೊಂಡು ಅಮೆರಿಕದ ಕುಂಬಾರಿಕೆಯನ್ನು ಕಲಿಯಹೊರಟೆನೆಂದು ಮನೆಯವರು ನಕ್ಕರು. ಆದರೆ ನ್ಯೂ ಮೆಕ್ಸಿಕೋದ ಸಾನ್ ಇಲ್ಡೆಫಾನ್ಸೊ ಎಂಬ, ಪ್ಯೂಬ್ಲೋ ಮೂಲನಿವಾಸಿಗಳ ಹಳ್ಳಿಯ ಮರಿಯಾ ಮಾರ್ಟಿನೆಜ್ ಮತ್ತು ಅವರ ಪತಿ ಜೂಲಿಯನ್ 1919ರ ಸುಮಾರಿಗೆ ರೂಪಿಸಿದ, ಹೊಳೆಯುವ ಕಪ್ಪಿನ ಮೇಲೆ ಮಂದ ಕಪ್ಪಿನ ಚಿತ್ತಾರವಿರುವ ಗಡಿಗೆಗಳನ್ನು ಚಿತ್ರದಲ್ಲಿ ಕಂಡ ಮೇಲೆ ನನ್ನಿಂದ ಸುಮ್ಮನಿರಲಾಗಲಿಲ್ಲ.

ಅಲ್ಲಿ ಮಣ್ಣಿನ ಹುರಿಗಳನ್ನು ಒಂದರ ಮೇಲೊಂದು ಸುತ್ತಿ, ಸೋರೆಬುರುಡೆಯ ಚೂರಿನಿಂದ ಒಳಹೊರಗೆ ಕೆರೆದು ಗಡಿಗೆಯನ್ನು ಎಬ್ಬಿಸುತ್ತಾರೆ. ಮಣ್ಣು ಬಿರಿಯದಿರಲೆಂದು ಜ್ವಾಲಾಮುಖಿಯ ಬೂದಿಯನ್ನು ಬೆರೆಸುತ್ತಾರೆ. ನಮಗೆ ಆ ಬೂದಿ ಎಲ್ಲಿಂದ ಬರಬೇಕು? ಬರಿಯ ಕೆರೆಯ ಗೋಡಿನಲ್ಲಿ ಮಾಡಿದ ಮೊದಲ ಮೂರು ಕುಂಡಗಳು ನೆರಳಿನಲ್ಲಿಯೇ ಸೀಳಿದವು. ನಾಲ್ಕನೆಯದಕ್ಕೆ ಐದು ಪಾಲು ಮಣ್ಣಿಗೆ ಒಂದು ಪಾಲಿನಂತೆ ಜರಡಿ ಹಿಡಿದ ಇಟ್ಟಿಗೆಪುಡಿಯನ್ನು ಸೇರಿಸಿದೆ, ಅದು ನಿಂತಿತು.

ಆ ಕಪ್ಪು ಬಳಿದ ಬಣ್ಣವಲ್ಲ. ನುಣುಪುಗಲ್ಲಿನಿಂದ ತಿಕ್ಕಿ ಹೊಳಪು ಬರಿಸಿದ ಪಾತ್ರೆಗಳನ್ನು ಸುಡುತ್ತಿರುವಾಗಲೇ ಬೆಂಕಿಯ ಮೇಲೆ ಕುದುರೆ ಲದ್ದಿಯ ಪುಡಿಯನ್ನು ಸುರಿದು ಗಾಳಿಯಾಡದಂತೆ ಮುಚ್ಚಿದರೆ, ಮಣ್ಣಿನ ಕೆಂಪಿಗೆ ಕಾರಣವಾದ ಕಬ್ಬಿಣದ ಅಂಶ ಆಮ್ಲಜನಕವನ್ನು ಕಳೆದುಕೊಂಡು ಕಪ್ಪಾಗುತ್ತದೆ, ಹೊಗೆಯ ಮಸಿಯೂ ಒಳಗಿಳಿಯುತ್ತದೆ. ನಾನು ಬೆರಣಿಯಲ್ಲಿ ಸುಟ್ಟು ಒಣ ಸಗಣಿಪುಡಿಯಿಂದ ಮುಚ್ಚಿದೆ. ಒಂದು ಮೂಲೆಯಲ್ಲಿ ಸಂದು ಉಳಿದಿತ್ತೆಂದು ತೋರುತ್ತದೆ. ಕುಂಡ ಒಂದು ಮಗ್ಗುಲು ಕಪ್ಪು, ಇನ್ನೊಂದು ಮಗ್ಗುಲು ನಮ್ಮೂರ ಹೆಂಚಿನಷ್ಟೇ ಕೆಂಪಾಗಿ ಹೊರಬಂತು. ನಿಜ ಹೇಳಬೇಕೆಂದರೆ, ಅದೇ ನನಗೆ ಹೆಚ್ಚು ಪ್ರಿಯವಾದದ್ದು.

ಜೂಲಿಯನ್ ಬರೆಯುತ್ತಿದ್ದ ಅವಾನ್ಯು ಎಂಬ ನೀರಿನ ಸರ್ಪವನ್ನು ಮಾತ್ರ ನಾನು ನಕಲು ಮಾಡಲಿಲ್ಲ. ಅದು ಅವರ ನಂಬಿಕೆಗೆ ಸೇರಿದ್ದು. ಸುಡುವ ವಿಧಾನವನ್ನು ಕಲಿಯಬಹುದು, ದೇವರನ್ನು ಎರವಲು ತರುವುದು ನನಗೆ ಸರಿಕಾಣಲಿಲ್ಲ. ಬದಲಿಗೆ, ಅಜ್ಜಿ ಹೊಸ್ತಿಲಿಗೆ ಎಳೆಯುತ್ತಿದ್ದ ಎಳೆರಂಗೋಲಿಯನ್ನು ಹೊಳಪಿನ ಮೇಲೆ ತೆಳು ಮಣ್ಣಿನ ನೀರಿನಿಂದ ಬರೆದೆ.

ಈಗ ಅದರಲ್ಲಿ ಕನಕಾಂಬರ ಇದೆ. ಕಡಿಮೆ ಕಾವಿನಲ್ಲಿ ಬೆಂದ ಕುಂಡ ಹೊರಗೆ ಬೆವರುವುದರಿಂದ, ನಮ್ಮ ಕೊಳವೆಬಾವಿಯ ಗಡಸುನೀರಿನ ಉಪ್ಪು ಕಪ್ಪಿನ ಮೇಲೆ ಬಿಳಿ ಪಟ್ಟೆಯಾಗಿ ಕೂತು, ರಂಗೋಲಿ ಯಾವುದು, ಉಪ್ಪು ಯಾವುದು ಎಂದೇ ತಿಳಿಯದಂತಾಗಿದೆ. ಮುಂದಿನ ಮಳೆಯ ನೀರನ್ನು ಹಿಡಿದಿಡಲು ತಾರಸಿಯಲ್ಲಿ ಎರಡು ಡ್ರಮ್ ಇರಿಸಿದ್ದೇನೆ.