ಅಘನಾಶಿನಿಯ ಕವಲು: ನಾಲ್ಕನೆಯ ಪ್ರಯತ್ನದಲ್ಲಿ ತುದಿ ಮುಟ್ಟಿದ್ದು

ಕಳೆದ ವಾರ ಶುಕ್ಲ ಪಂಚಮಿಯ ಮಧ್ಯಾಹ್ನ, ಅಘನಾಶಿನಿ ಅಳಿವೆಯ ಕವಲೊಂದರ ತುದಿಯನ್ನು ನನ್ನ ಕನೂ ದೋಣಿ ಕೊನೆಗೂ ಮುಟ್ಟಿತು. ಹಿಂದಿನ ಮೂರು ಸಲವೂ ಒಂದೇ ತಿರುವಿನ ಒಂದೇ ದಿಬ್ಬದ ಮೇಲೆ ದೋಣಿಯ ತಳ ಕೂತು, ಬಂದ ದಾರಿಗೆ ಸುಂಕವಿಲ್ಲವೆಂದು ಹಿಂದಿರುಗಿದ್ದೆ. ದೋಣಿ ಇಳಿಸಿದ್ದು, ಸಾಮಾನು ಕಟ್ಟಿದ್ದು, ಹೊಳೆಯ ಅಗಲ ದಾಟಿದ್ದು ಇವೆಲ್ಲ ನಿಮಗೆ ತಿಳಿದ ಸಂಗತಿಗಳಾದ್ದರಿಂದ ಆ ತಿರುವಿನ ಸಮಸ್ಯೆಯೊಂದನ್ನೇ ಇಲ್ಲಿ ವಿವರವಾಗಿ ಬರೆಯುತ್ತೇನೆ.

ಶಿರಸಿಯಲ್ಲಿ ಹುಟ್ಟಿ ಕುಮಟಾ ತಾಲ್ಲೂಕಿನಲ್ಲಿ ಸಮುದ್ರ ಸೇರುವ ಈ ಹೊಳೆಗೆ ಎಲ್ಲಿಯೂ ದೊಡ್ಡ ಅಣೆಕಟ್ಟಿಲ್ಲ. ಮಳೆಗಾಲದ ಸಿಹಿನೀರೂ ಮೆಕ್ಕಲೂ ತಡೆಯಿಲ್ಲದೆ ಅಳಿವೆಗೆ ಬರುತ್ತವೆ. ಅಳಿವೆ 2024ರಲ್ಲಿ ರಾಮ್ಸರ್ ತಾಣಗಳ, ಅಂದರೆ ಜಾಗತಿಕ ಮಹತ್ವದ ಜೌಗು ಪ್ರದೇಶಗಳ, ಪಟ್ಟಿಗೆ ಸೇರಿದ ಮೇಲೆ ಮುಖ್ಯ ಪಾತ್ರದಲ್ಲಿ ಓಡಾಡುವವರು ಹೆಚ್ಚಿದ್ದಾರೆ. ಆದರೆ ಮಾಣಿಕಟ್ಟಾ ಕಡೆಯ ಗಜನಿ ಭೂಮಿಗಳ (ಅಳಿವೆಯಂಚಿನ, ಕಟ್ಟೆ ಹಾಕಿದ ತಗ್ಗು ಗದ್ದೆಗಳ) ನಡುವೆ ನುಸುಳುವ ಸಣ್ಣ ಕವಲುಗಳೊಳಗೆ ಬಳಚು (ಚಿಪ್ಪುಮೀನು) ಹೆಕ್ಕುವವರನ್ನೂ ಏಡಿ ಹಿಡಿಯುವವರನ್ನೂ ಬಿಟ್ಟರೆ ಹೊರಗಿನವರು ಹೋಗುವುದು ಅಪರೂಪ. ನಾನು ಹಿಡಿದದ್ದು ಅಂಥದ್ದೊಂದು ಕವಲು. ಅದರ ಬಾಯಿ ಕಾಂಡ್ಲಾ (ಮ್ಯಾಂಗ್ರೋವ್) ಗಿಡಗಳ ನಡುವೆ ಎಷ್ಟು ಮುಚ್ಚಿಕೊಂಡಿದೆಯೆಂದರೆ ಹತ್ತಿರ ಹೋಗುವ ತನಕ ಅಲ್ಲಿ ನೀರಿರುವುದೇ ತಿಳಿಯುವುದಿಲ್ಲ.

ಬಾಯಿಯಿಂದ ಸುಮಾರು ಒಂದೂವರೆ ಕಿಲೋಮೀಟರ್ ಒಳಗೆ ಕವಲು ಎಡಕ್ಕೆ ಹೊರಳುತ್ತದೆ. ಅಲ್ಲಿ ಕೆಸರೂ ಚಿಪ್ಪೂ ಸೇರಿ ಗಟ್ಟಿಯಾದ ದಿಬ್ಬವೊಂದು ಪಾತ್ರಕ್ಕೆ ಅಡ್ಡವಾಗಿದೆ. ನಾನೊಬ್ಬನೇ ಕುಳಿತಾಗ ನನ್ನ ದೋಣಿಗೆ ಸುಮಾರು 11 ಸೆಂಟಿಮೀಟರ್ ನೀರು ಬೇಕು. ಅದನ್ನು ಲೆಕ್ಕ ಹಾಕಿಯೇ, ಮೂರು ಸಲವೂ ಅಮಾವಾಸ್ಯೆ ಅಥವಾ ಹುಣ್ಣಿಮೆಯ ಮರುದಿನವನ್ನು, ಅಂದರೆ ಉಬ್ಬರ ಅತ್ಯಂತ ಎತ್ತರಕ್ಕೆ ಏರುವ ದಿನವನ್ನು ಆರಿಸಿಕೊಂಡಿದ್ದೆ. ನೀರು ತುಂಬಿದ ದಿನ ದಿಬ್ಬ ಮುಳುಗಲೇಬೇಕೆಂಬುದು ನನ್ನ ತರ್ಕ. ಆದರೆ ಪ್ರತಿ ಸಲವೂ ದಿಬ್ಬದ ಮೇಲೆ ನಾಲ್ಕು ಬೆರಳು ನೀರಷ್ಟೇ ಇರುತ್ತಿತ್ತು. ಹುಟ್ಟನ್ನು ಊರಿ ತಳ್ಳಿದರೆ ಅದು ಕೆಸರಿನೊಳಗೆ ಮೊಳದಷ್ಟು ಇಳಿದು, ಎಳೆಯುವಾಗ ದೋಣಿಯನ್ನೇ ಹಿಂದಕ್ಕೆ ಜಗ್ಗುತ್ತಿತ್ತು.

ಮೂರನೆಯ ಸಲ ದಿಬ್ಬದ ಮೇಲೆ ಕುಳಿತಿದ್ದಾಗ ಕಂಡದ್ದು ಒಂದು ಹಳದಿ ಕಾಂಡ್ಲಾ ಎಲೆ. ಉಬ್ಬರ-ಇಳಿತದ ವೇಳಾಪಟ್ಟಿಯ ಪ್ರಕಾರ ಉಬ್ಬರದ ತುದಿ 11.40ಕ್ಕೆ; ಗಡಿಯಾರದಲ್ಲಿ ಆಗ 12.05. ನೀರು ನಿಂತಿರಬೇಕಿತ್ತು ಅಥವಾ ಹೊರಕ್ಕೆ ತಿರುಗಿರಬೇಕಿತ್ತು. ಎಲೆ ಮಾತ್ರ ತಿರುವಿನ ಕೆಳಗೆ, ಕವಲಿನ ನಡುವನ್ನು ಬಿಟ್ಟು ಬಲದಂಡೆಯ ಕಡೆಗೆ ಅವಸರದಲ್ಲಿ ಸರಿಯುತ್ತಿತ್ತು. ಅದರ ಹಿಂದೆ ಒಂದು ಕಾಂಡ್ಲಾ ಕೋಡು (ಗಿಡದಲ್ಲೇ ಮೊಳೆತ ಉದ್ದನೆಯ ಬೀಜ), ನೆಟ್ಟಗೆ ನಿಂತ ಪೆನ್ಸಿಲ್ಲಿನಂತೆ ತೇಲುತ್ತ ಅದೇ ದಾರಿ ಹಿಡಿಯಿತು. ಅವೆರಡೂ ಹೋಗಿ ಮರೆಯಾದದ್ದು ಗಜನಿಯ ಕಟ್ಟೆಯಲ್ಲಿದ್ದ ತೂಬಿನೊಳಗೆ.

ಆಮೇಲೆ ಎರಡು ವಾರ ದೋಣಿಯ ಹುಚ್ಚು ಬಿಟ್ಟು ಕೋಲುಗಳ ಕೆಲಸ ಹಿಡಿದೆ. ಸೆಂಟಿಮೀಟರ್ ಗುರುತು ಹಾಕಿದ ಬಿದಿರ ಕೋಲುಗಳಲ್ಲಿ ಒಂದನ್ನು ಕವಲಿನ ಬಾಯಿಯಲ್ಲೂ ಇನ್ನೊಂದನ್ನು ದಿಬ್ಬದ ನೆತ್ತಿಯ ಮೇಲೂ ನೆಟ್ಟು, ಗೆಳೆಯನನ್ನು ಬಾಯಿಯ ಬಳಿ ಕೂರಿಸಿ, ಹತ್ತು ನಿಮಿಷಕ್ಕೊಮ್ಮೆ ಇಬ್ಬರೂ ಬರೆದುಕೊಂಡೆವು. ಹುಣ್ಣಿಮೆಯ ಮರುದಿನ ಬಾಯಿಯ ಕೋಲಿನಲ್ಲಿ ನೀರು 146ಕ್ಕೆ ಏರಿದಾಗ ದಿಬ್ಬದ ಮೇಲೆ ಸಿಕ್ಕಿದ್ದು ಬರೀ 8 ಸೆಂಟಿಮೀಟರ್, ಅದೂ 50 ನಿಮಿಷ ತಡವಾಗಿ. ಆರು ದಿನ ಬಿಟ್ಟು ನೋಡಿದರೆ ಬಾಯಿಯಲ್ಲಿ 128, ದಿಬ್ಬದ ಮೇಲೆ 27! ಹೊಳೆಯಲ್ಲಿ ನೀರು ಕಡಿಮೆಯಾದ ದಿನವೇ ಕವಲಿನ ಒಳಗೆ ನೀರು ಹೆಚ್ಚು.

ಇದರ ಗುಟ್ಟು ತೂಬಿನಲ್ಲಿದೆ. ಮಳೆಗಾಲದಲ್ಲಿ ಗಜನಿಯಲ್ಲಿ ಉಪ್ಪು ತಾಳುವ ಕಗ್ಗ ಭತ್ತ ಬೆಳೆಯುವಾಗ ಉಪ್ಪುನೀರು ನುಗ್ಗದಂತೆ ತೂಬಿನ ಹಲಗೆಗಳನ್ನು ಹಾಕಿರುತ್ತಾರೆ. ಕೊಯ್ಲಾದ ಮೇಲೆ ಅದೇ ಗದ್ದೆಗೆ ಸಿಗಡಿ, ಮೀನು ಬರಲೆಂದು ಉಬ್ಬರದ ನೀರನ್ನು ಒಳಗೆ ಬಿಟ್ಟು, ಇಳಿತದಲ್ಲಿ ತೂಬಿನ ಬಾಯಿಗೆ ಬಲೆ ಕಟ್ಟುತ್ತಾರೆ. ಹಲಗೆ ಯಾವಾಗ ತೆಗೆಯುತ್ತೀರಿ ಎಂದು ಕಟ್ಟೆ ಕಾಯುವ ಹಿರಿಯರನ್ನು ಕೇಳಿದೆ. “ಅಮಾಸೆ, ಹುಣ್ಮೆ ಸುತ್ತ ನಾಲ್ಕೈದು ದಿವ್ಸ ತಮ್ಮಾ, ನೀರು ದೊಡ್ಡದಾದಾಗ್ಲೇ ಅಲ್ದಾ ಸಿಗಡಿ ಬರೂದು” ಎಂದರು. ನಾನು ದೊಡ್ಡ ನೀರಿಗಾಗಿ ಆರಿಸಿಕೊಂಡ ದಿನಗಳಲ್ಲೇ ಅವರ ತೂಬು ತೆರೆದಿರುತ್ತಿತ್ತು. ಕಿರಿದಾದ ಕವಲು ಹೊತ್ತು ತಂದ ನೀರನ್ನು ವಿಶಾಲವಾದ ಗಜನಿ ಕುಡಿದುಬಿಡುತ್ತಿತ್ತು. ತೂಬಿನಿಂದ ಮೇಲಿರುವ ತಿರುವಿಗೆ ಉಳಿಯುತ್ತಿದ್ದುದು ಅಲ್ಪ. ಇಂಥ ಕವಲಿಗೆ ಹೋಗುವವರು ಉಬ್ಬರದ ಪಟ್ಟಿಗಿಂತ ಮೊದಲು ತೂಬು ಕಾಯುವವರನ್ನು ವಿಚಾರಿಸಬೇಕು. ತೆರೆದ ತೂಬಿನ ಬಳಿ ಏರುನೀರಿನಲ್ಲಿ ದೋಣಿ ತರಲೇಬಾರದು. ಸೆಳೆತ ಹಲಗೆಯ ಕಂಬಗಳಿಗೆ ಒಯ್ದು ಹೊಡೆಯುತ್ತದೆ, ಬಲೆ ಹರಿದರೆ ಅವರ ದುಡಿಮೆಗೆ ಕುತ್ತು.

ದೋಣಿಯ ತಳವೇ ಇನ್ನಷ್ಟು ಚಪ್ಪಟೆಯಾಗಿದ್ದರೆ ಈ ಪಾಡು ಅರ್ಧಕ್ಕರ್ಧ ತಪ್ಪುತ್ತಿತ್ತು. ಮುಂದಿನ ಕೆಲಸ ಅದೇ: 12 ಅಡಿ ಉದ್ದದ, ತಾಮ್ರದ ತಂತಿಯಲ್ಲಿ ಹೊಲಿದು ಎಪಾಕ್ಸಿ ಎಂಬ ಅಂಟಿನಿಂದ ಕೂಡಿಸುವ ಪ್ಲೈವುಡ್ ದೋಣಿ. ನಕ್ಷೆ ಸಿದ್ಧವಿದೆ, ಹಲಗೆ ಮಾತ್ರ ಸಿಗುತ್ತಿಲ್ಲ. ಐಎಸ್ 710 (ನೀರಿಗೆ ತಾಳುವ ಪ್ಲೈವುಡ್‌ಗೆ ಇರುವ ಭಾರತೀಯ ಮಾನದಂಡ) ಮುದ್ರೆಯ ಮರೈನ್ ಪ್ಲೈ ಎಂದು ಹೇಳಿ ಅಂಗಡಿಯೊಂದರವರು ಕೊಟ್ಟ ಹಾಳೆಯಿಂದ ಅಂಗೈ ಅಗಲದ ತುಂಡು ಕೊಯ್ದು ಮನೆಯಲ್ಲಿ ಕುದಿಸಿದೆ. ಆ ಮಾನದಂಡದ ಪ್ರಕಾರ 72 ಗಂಟೆ ಕುದಿಸಿದರೂ ಪದರ ಬಿಡಬಾರದು; ಇದು ಆರನೆಯ ಗಂಟೆಗೆ ಹಪ್ಪಳದಂತೆ ಬಿಚ್ಚಿಕೊಂಡಿತು. ಇಂಥದ್ದನ್ನು ನಂಬಿ ಹೊಳೆಗೆ ಇಳಿದವರ ಗತಿಯೇನೆಂದು ಯೋಚಿಸಿದರೆ ಸಿಟ್ಟು ಬರುತ್ತದೆ. ನೀವೂ ಕುದಿಸಿ ನೋಡದೆ ಹಲಗೆ ಕೊಯ್ಯಬೇಡಿ. ಮಳೆ ಹಿಡಿಯುವ ಮೊದಲೇ ಅಂಟಿಸುವ ಕೆಲಸ ಮುಗಿಯಬೇಕು. ತೇವದ ಗಾಳಿಯಲ್ಲಿ ಎಪಾಕ್ಸಿಯ ಮೇಲೆ ಜಿಡ್ಡಿನ ಪದರ ಕೂತು ಮುಂದಿನ ಲೇಪ ಹಿಡಿಯುವುದಿಲ್ಲ.

ಪಂಚಮಿಯ ದಿನ ತೂಬಿನ ಹಲಗೆಗಳು ಮುಚ್ಚಿರುವುದನ್ನು ಖಚಿತಪಡಿಸಿಕೊಂಡು 2.35ಕ್ಕೆ ದಿಬ್ಬದ ಬಳಿ ಬಂದೆ. ಕೋಲಿನಲ್ಲಿ 26 ಇತ್ತು. ಹುಟ್ಟು ಎತ್ತಿ ಮಡಿಲಲ್ಲಿಟ್ಟುಕೊಂಡೆ. ತಳದಲ್ಲಿ ಚಿಪ್ಪುಗಳ ಸದ್ದಿಲ್ಲದೆ ದೋಣಿ ದಾಟಿತು. ಮುಂದೆ ಕವಲು ಎರಡಾಳು ಅಗಲಕ್ಕೆ ಕುಗ್ಗಿತು, ಕಾಂಡ್ಲಾ ತೆಳುವಾಗಿ ಕೇದಿಗೆ ಪೊದೆ ಶುರುವಾಯಿತು. ತುದಿಯಲ್ಲಿ ಜಂಬಿಟ್ಟಿಗೆಯ ದರೆಯಿಂದ ಹೆಬ್ಬೆರಳು ಗಾತ್ರದ ಒರತೆಯೊಂದು ಇಳಿಯುತ್ತಿತ್ತು. ಬೊಗಸೆಯಲ್ಲಿ ಹಿಡಿದು ನಾಲಿಗೆಗೆ ತಾಗಿಸಿದೆ, ನೀರು ಸಿಹಿಯಾಗಿತ್ತು. ಹನ್ನೆರಡು ನಿಮಿಷ ಮಾತ್ರ ಅಲ್ಲಿ ಉಳಿದು, ಕೋಲಿನಲ್ಲಿ 20 ಇರುವಾಗಲೇ ದಿಬ್ಬ ದಾಟಿ ಹೊರಬಂದೆ.