ಪಿಸ್ಟನ್ ಒತ್ತುವ ಮೊದಲು ನಿಪ್ಪಲ್ ಬಿಚ್ಚಿ

ತಿಂಗಳಿಗೊಮ್ಮೆ ಅಮ್ಮನನ್ನು ತೀರ್ಥಹಳ್ಳಿಯಿಂದ ಮಣಿಪಾಲಕ್ಕೆ ಚೆಕಪ್‌ಗೆ ಕರೆದುಕೊಂಡು ಹೋಗುತ್ತೇನೆ. ಆಗುಂಬೆ ಘಾಟಿ ಇಳಿಯಲೇಬೇಕು. ಕಳೆದ ಜುಲೈಯಲ್ಲಿ ಅರ್ಧ ಇಳಿದಿದ್ದೆವು, ಸುಟ್ಟ ವಾಸನೆ ಬಂತು. ಕೆಳಗೆ ಸೋಮೇಶ್ವರದಲ್ಲಿ ನಿಲ್ಲಿಸಿ ನೋಡಿದೆ. ಮುಂದಿನ ಎಡಚಕ್ರದ ಹತ್ತಿರ ಕೈ ಒಯ್ಯಲು ಆಗುತ್ತಿರಲಿಲ್ಲ, ಮಳೆ ಹನಿ ಬಿದ್ದಲ್ಲೆಲ್ಲ ಹಬೆ ಏಳುತ್ತಿತ್ತು. ಬಲಗಡೆಯದು ಸುಮ್ನೆ ಬೆಚ್ಚಗಿತ್ತು. ಎರಡು ತಿಂಗಳ ಹಿಂದಷ್ಟೇ ಒಂದು ಗ್ಯಾರೇಜಿನಲ್ಲಿ ಹೊಸ ಬ್ರೇಕ್ ಪ್ಯಾಡ್ ಹಾಕಿಸಿದ್ದೆ.

ಕಾರನ್ನು ಪರಿಚಯದವರ ಅಂಗಳದಲ್ಲಿ ಬಿಟ್ಟು, ಬಾಡಿಗೆ ಕಾರು ಮಾಡಿಕೊಂಡು ಹೋದೆವು. ಮಾರನೇ ದಿನ ಮಾವನ ಜೊತೆ ಸಾಮಾನು ಕಟ್ಟಿಕೊಂಡು ಬಂದೆ. ಮಾವ ಬಸ್ ಡಿಪೋದಲ್ಲಿ ಮೆಕ್ಯಾನಿಕ್ ಆಗಿದ್ದವರು, ಈಗ ನಿವೃತ್ತಿ. ಬಸ್ಸಿನದು ಗಾಳಿ ಬ್ರೇಕ್, ನಮ್ಮ ಕಾರಿನದು ಆಯಿಲ್ ಬ್ರೇಕ್, ಜೊತೆಗೆ ಎಬಿಎಸ್ (ಜೋರಾಗಿ ಬ್ರೇಕ್ ಹಾಕಿದಾಗ ಚಕ್ರ ಲಾಕ್ ಆಗದಂತೆ ತಡೆಯುವ ವ್ಯವಸ್ಥೆ). ಆದರೂ ಶಿಸ್ತು ಅವರಿಂದಲೇ ಕಲಿಯಬೇಕು. ಹಿಂದಿನ ಚಕ್ರಗಳಿಗೆ ಕಲ್ಲು ಕೊಟ್ಟು, ಜಾಕ್ ಏರಿಸಿ, ಸ್ಟ್ಯಾಂಡ್ ಇಟ್ಟು, ಕಾರನ್ನು ಒಮ್ಮೆ ಅಲುಗಾಡಿಸಿ ನೋಡಿದ ಮೇಲೇ ಚಕ್ರದ ಹಿಂದೆ ಕೈ ಹಾಕಲು ಬಿಟ್ಟರು. "ಜಾಕ್ ಇರೋದು ಎತ್ತೋಕೆ ಮಾರಾಯ, ಹೊತ್ಕೊಂಡು ನಿಲ್ಲೋಕಲ್ಲ" ಅಂದರು.

ಕ್ಯಾಲಿಪರ್ ಬಿಚ್ಚಿದಾಗ ಕಾರಣ ಕಣ್ಣೆದುರೇ ಇತ್ತು. ಕ್ಯಾಲಿಪರ್ ಅಂದರೆ ಚಕ್ರದ ಡಿಸ್ಕನ್ನು ಎರಡು ಪ್ಯಾಡ್‌ಗಳ ನಡುವೆ ಹಿಡಿಯುವ ಇಕ್ಕಳ. ಅದು ಆಚೀಚೆ ಜಾರುವುದು ಎರಡು ಸ್ಲೈಡ್ ಪಿನ್ ಮೇಲೆ. ಮೇಲಿನ ಪಿನ್‌ನ ರಬ್ಬರ್ ಬೂಟ್ ಹರಿದು, ನೀರು ಹೋಗಿ, ತುಕ್ಕು ಹಿಡಿದು ಜಾಮ್ ಆಗಿತ್ತು. ಒಳಗಿನ ಪ್ಯಾಡ್ ಹೊರಗಿನದಕ್ಕಿಂತ ಜಾಸ್ತಿ ಸವೆದಿತ್ತು. ಪ್ಯಾಡ್ ಹಾಕಿದವರು ಆ ಪಿನ್ ಹೊರಗೆ ಎಳೆದು ನೋಡಿದ್ದರೆ ಸಾಕಿತ್ತು, ಐದು ನಿಮಿಷದ ಕೆಲಸ. ಘಾಟಿ ಇಳಿಯುವ ಕಾರಿಗೆ ಹಾಗೆ ಮಾಡಬಾರದು. ನನಗೆ ಈಗಲೂ ಸಿಟ್ಟಿದೆ.

ಬಿಚ್ಚಿದ ಕ್ಯಾಲಿಪರನ್ನು ಬ್ರೇಕ್ ಆಯಿಲ್ ಹೋಸ್ ಮೇಲೆ ನೇತಾಡಲು ಬಿಡಬೇಡಿ. ತಂತಿಯಿಂದ ಮೇಲಿನ ಸ್ಪ್ರಿಂಗಿಗೆ ಕಟ್ಟಿ. ಪಕ್ಕದಲ್ಲೇ ತೆಳ್ಳಗಿನ ಇನ್ನೊಂದು ವೈರ್ ಇರುತ್ತದೆ. ಅದು ಚಕ್ರ ಎಷ್ಟು ಜೋರಾಗಿ ತಿರುಗುತ್ತಿದೆ ಎಂದು ಎಬಿಎಸ್‌ಗೆ ಹೇಳುವ ಸೆನ್ಸರ್‌ನದು. ಅದನ್ನು ಎಳೆದರೆ, ಜಜ್ಜಿದರೆ, ಮೀಟರಿನಲ್ಲಿ ಎಬಿಎಸ್ ದೀಪ ಉರಿಯುತ್ತದೆ. ಮಾವ ಅಭ್ಯಾಸದಂತೆ ಧೂಳನ್ನು ಗಾಳಿಯಿಂದ ಊದಲು ಹೊರಟಿದ್ದರು, ಬೇಡ ಎಂದೆ. ಹಳೇ ಪ್ಯಾಡ್‌ಗಳಲ್ಲಿ ಕಲ್ನಾರು (ಆಸ್ಬೆಸ್ಟಾಸ್) ಇರಬಹುದು. ಮಾಸ್ಕ್ ಹಾಕಿ, ಬ್ರೇಕ್ ಕ್ಲೀನರ್ ಹೊಡೆದು ಒದ್ದೆ ಮಾಡಿಯೇ ಒರೆಸಿದೆವು.

ಇನ್ನು ಪಿಸ್ಟನ್, ಆಯಿಲ್ ಒತ್ತಡಕ್ಕೆ ಪ್ಯಾಡನ್ನು ಡಿಸ್ಕಿಗೆ ಒತ್ತುವ ಭಾಗ. ಪ್ಯಾಡ್ ಸವೆದಂತೆ ಪಿಸ್ಟನ್ ಹೊರಗೆ ಬಂದಿರುತ್ತದೆ. ಹೊಸ ಪ್ಯಾಡ್ ಕೂರಬೇಕಾದರೆ ಅದನ್ನು ಒಳಗೆ ಒತ್ತಬೇಕು. ಮಾವ ಸಿ-ಕ್ಲಾಂಪ್ ಇಟ್ಟು ತಿರುಗಿಸಲು ಶುರು ಮಾಡಿದರು. "ಮಾವ, ಒಂದು ನಿಮಿಷ ನಿಲ್ಲಿ" ಎಂದೆ.

ಬ್ರೇಕ್ ಆಯಿಲ್ ಎಂಜಿನ್ ಆಯಿಲ್‌ನಂತೆ ಸುತ್ತು ಹೊಡೆಯುವುದಿಲ್ಲ. ಕ್ಯಾಲಿಪರ್‌ನಲ್ಲಿರುವ ಆಯಿಲ್ ಅಲ್ಲೇ ಕೂತು ಬಿಸಿ ತಿನ್ನುತ್ತದೆ. ಕೊಳೆ, ತುಕ್ಕಿನ ಪುಡಿ ಅಲ್ಲೇ ಸೇರುತ್ತದೆ. ಕ್ಯಾಲಿಪರ್‌ನ ನಿಪ್ಪಲ್, ಅಂದರೆ ಆಯಿಲ್ ಹೊರಬಿಡುವ ಸಣ್ಣ ತಿರುಪು, ಮುಚ್ಚಿಟ್ಟು ಪಿಸ್ಟನ್ ಒತ್ತಿದರೆ ಆ ಆಯಿಲ್ ಬಂದ ದಾರಿಯಲ್ಲೇ ವಾಪಸ್ ಹೋಗಬೇಕು. ಎಬಿಎಸ್ ಇಲ್ಲದ ಹಳೇ ಕಾರಿನಲ್ಲಿ ನೇರ ಪೆಡಲ್ ಬದಿಯ ಮಾಸ್ಟರ್ ಸಿಲಿಂಡರಿಗೆ ಹೋಗುತ್ತಿತ್ತು. ಈಗ ನಡುವೆ ಎಬಿಎಸ್ ಬ್ಲಾಕ್ ಇದೆ. ಅದರೊಳಗೆ ಪ್ರತಿ ಚಕ್ರಕ್ಕೂ ಸಣ್ಣ ಸಣ್ಣ ವಾಲ್ವ್‌ಗಳು. ಸೆಕೆಂಡಿಗೆ ಹಲವು ಸಲ ತೆರೆದು ಮುಚ್ಚಬೇಕಾದ ವಾಲ್ವ್‌ಗಳು. ಅಲ್ಲಿ ಕಸ ಸಿಕ್ಕಿಕೊಂಡರೆ ಬ್ಲಾಕನ್ನೇ ಬದಲಿಸುವ ಸ್ಥಿತಿ ಬರಬಹುದು. ನಿಪ್ಪಲ್ ಬಿಚ್ಚದೇ ಒತ್ತಿದವರು ಬಹಳ ಜನ ಇದ್ದಾರೆ, ಹೆಚ್ಚಿನ ಸಲ ಏನೂ ಆಗುವುದಿಲ್ಲ ಎನ್ನುವುದೂ ನಿಜ. ಆದರೆ ಎರಡು ನಿಮಿಷದ ಎಚ್ಚರಕ್ಕೆ ಸೋಮಾರಿತನ ಯಾಕೆ?

ಹಿಂದಿನ ರಾತ್ರಿಯೇ ನಿಪ್ಪಲ್ಲಿಗೆ ತುಕ್ಕು ಬಿಡಿಸುವ ಎಣ್ಣೆ ಬಿಟ್ಟಿದ್ದರೆ ಚೆನ್ನಾಗಿತ್ತು. ನಾವು ಅರ್ಧ ಗಂಟೆ ಕಾದೆವು. ಬಿಚ್ಚಲು ರಿಂಗ್ ಸ್ಪ್ಯಾನರ್ರೇ ಬೇಕು, ಓಪನ್ ಸ್ಪ್ಯಾನರ್ ಹಾಕಿದರೆ ಮೂಲೆ ಸವೆದು ಹೋಗುತ್ತದೆ. ನಿಪ್ಪಲ್ಲಿಗೆ ಪಾರದರ್ಶಕ ಪೈಪ್ ಸಿಕ್ಕಿಸಿ, ಇನ್ನೊಂದು ತುದಿಯನ್ನು ಸ್ವಲ್ಪ ಹೊಸ ಆಯಿಲ್ ಇರುವ ಬಾಟಲಿಯಲ್ಲಿ ಮುಳುಗಿಸಿದೆ. ನಾನು ನಿಪ್ಪಲ್ ಸಡಿಲಿಸಿದೆ, ಮಾವ ನಿಧಾನಕ್ಕೆ ಒತ್ತಿದರು. ಬಂದದ್ದು ಡಿಕಾಕ್ಷನ್ ಬಣ್ಣದ ಆಯಿಲ್. ಮಾವ ಬಾಟಲಿ ಎತ್ತಿ ಬೆಳಕಿಗೆ ಹಿಡಿದು ನೋಡಿದರು, ಏನೂ ಹೇಳಲಿಲ್ಲ. ಕ್ಲಾಂಪ್ ಬಿಗಿಯಾಗಿರುವಾಗಲೇ ನಿಪ್ಪಲ್ ಮುಚ್ಚಬೇಕು, ಇಲ್ಲದಿದ್ದರೆ ಗಾಳಿ ಒಳಗೆ ಹೋಗುತ್ತದೆ. ಹೋಸನ್ನು ಒತ್ತಿ ಹಿಡಿಯುವ ಕ್ಲಾಂಪ್ ಹಾಕಿ ಎಂದು ಕೆಲವರು ಹೇಳುತ್ತಾರೆ. ನಮ್ಮ ಹೋಸ್‌ಗೆ ಹತ್ತು ವರ್ಷ ದಾಟಿದೆ. ಅದನ್ನು ಹಿಸುಕಲು ನನಗೆ ಧೈರ್ಯ ಬರಲಿಲ್ಲ.

ಹಿಂದಿನ ಚಕ್ರಕ್ಕೂ ಡಿಸ್ಕ್ ಇರುವ ಕಾರಿನಲ್ಲಿ ಹಿಂದಿನ ಪಿಸ್ಟನನ್ನು ಹೀಗೆ ನೇರ ಒತ್ತಬೇಡಿ. ಹ್ಯಾಂಡ್ ಬ್ರೇಕ್ ಅದೇ ಕ್ಯಾಲಿಪರ್‌ನಲ್ಲಿದ್ದರೆ ಸಾಮಾನ್ಯವಾಗಿ ಪಿಸ್ಟನ್ ತಿರುಗಿಸಿ ಒಳಗೆ ಕಳಿಸಬೇಕು. ಎಲೆಕ್ಟ್ರಿಕ್ ಆದರೆ ಮೊದಲು ಸರ್ವಿಸ್ ಮೋಡಿಗೆ ಹಾಕಬೇಕು. ನಮ್ಮದು ಹಿಂದೆ ಡ್ರಮ್, ಆ ತಲೆನೋವಿಲ್ಲ.

ಪಿನ್ ತಿಕ್ಕಿ, ಹೊಸ ಬೂಟ್ ಹಾಕಿ, ಸಿಲಿಕೋನ್ ಗ್ರೀಸ್ ಹಚ್ಚಿದೆವು. ಮಾಮೂಲಿ ಗ್ರೀಸ್ ಹಚ್ಚಿದರೆ ರಬ್ಬರ್ ಊದಿಕೊಂಡು ಪಿನ್ ಮತ್ತೆ ಬಿಗಿಯುತ್ತದೆ. ಎರಡೂ ಕಡೆ ಪ್ಯಾಡ್ ಬದಲಿಸಿದೆವು, ಬಲಗಡೆಯ ಪಿನ್‌ಗಳನ್ನೂ ಎಳೆದು ನೋಡಿದೆವು.

ಆಮೇಲೆ ನಾಲ್ಕೂ ಚಕ್ರಕ್ಕೆ ಬ್ಲೀಡಿಂಗ್, ಅಂದರೆ ಪೆಡಲ್ ಒತ್ತುತ್ತಾ ನಿಪ್ಪಲ್‌ನಿಂದ ಹಳೇ ಆಯಿಲ್, ಗಾಳಿ ಹೊರಗೆ ಹಾಕುವುದು. ಸೀಲ್ ಒಡೆಯದ ಡಾಟ್ 4 ದರ್ಜೆಯ ಬ್ರೇಕ್ ಆಯಿಲ್ ಡಬ್ಬಿ ತಂದಿದ್ದೆ. ಈ ಆಯಿಲ್ ಗಾಳಿಯ ತೇವ ಹೀರುತ್ತದೆ. ಹೊಸ ಡಾಟ್ 4 ಕನಿಷ್ಠ 230 ಡಿಗ್ರಿ ತನಕ ಕುದಿಯಬಾರದು, ನೀರು ಹೀರಿದ ಮೇಲೆ ಆ ಮಿತಿ 155ಕ್ಕೆ ಇಳಿಯುತ್ತದೆ. ಘಾಟಿಯಲ್ಲಿ ಆಯಿಲ್ ಕುದ್ದರೆ ಪೆಡಲ್ ಸೀದಾ ನೆಲಕ್ಕೆ ಹೋಗುತ್ತದೆ. ಬ್ಲೀಡ್ ಮಾಡುವಾಗ ಬಾನೆಟ್ ಒಳಗಿನ ಬ್ರೇಕ್ ಆಯಿಲ್ ಡಬ್ಬಿಯ ಮಟ್ಟ ಕನಿಷ್ಠ ಗೆರೆಯಿಂದ ಕೆಳಗೆ ಇಳಿಯಲು ಬಿಡಲೇಬೇಡಿ. ಎಬಿಎಸ್ ಬ್ಲಾಕ್‌ಗೆ ಗಾಳಿ ಹೊಕ್ಕರೆ ಎಷ್ಟೋ ಕಾರುಗಳಲ್ಲಿ ಸ್ಕ್ಯಾನರ್ ಹಾಕಿ ಒಳಗಿನ ಪಂಪ್ ಓಡಿಸಿಯೇ ತೆಗೆಯಬೇಕು. ಪೆಡಲ್ ಕೆಳಗೆ ಒಂದು ಮರದ ತುಂಡು ಇಟ್ಟಿದ್ದೆವು. ಹಳೇ ಮಾಸ್ಟರ್ ಸಿಲಿಂಡರಿನ ಸೀಲ್ ಯಾವತ್ತೂ ಹೋಗದಷ್ಟು ಆಳಕ್ಕೆ ಹೋದರೆ ಅಲ್ಲಿನ ತುಕ್ಕಿಗೆ ತಾಗಿ ಹರಿಯಬಹುದು.

ಹೊರಡುವ ಮೊದಲು ಪೆಡಲನ್ನು ಗಟ್ಟಿಯಾಗುವ ತನಕ ಒತ್ತಿದೆ. ಮೊದಲ ಸಲ ಆಳಕ್ಕೆ ಹೋಯಿತು, ನಾಲ್ಕನೆಯದಕ್ಕೆ ಗಟ್ಟಿಯಾಯಿತು. ಇದನ್ನು ಮರೆತು ಕಾರು ತೆಗೆದರೆ ಗೋಡೆಗೇ ಹೋಗಿ ನಿಲ್ಲುತ್ತದೆ. ಎಬಿಎಸ್ ದೀಪ ಬಂದು ಆರಿತು. ಸಮತಟ್ಟು ರಸ್ತೆಯಲ್ಲಿ ನಿಧಾನಕ್ಕೆ ನಾಲ್ಕೈದು ಸಲ ನಿಲ್ಲಿಸಿ ನೋಡಿ, ಘಾಟಿ ಹತ್ತಿದೆವು.

ಆಗಸ್ಟಿನಲ್ಲಿ ಮತ್ತೆ ಇಳಿದಾಗ ಸೋಮೇಶ್ವರದಲ್ಲಿ ನಿಲ್ಲಿಸಿದೆ. ಎರಡೂ ಚಕ್ರ ಒಂದೇ ಬಿಸಿ. ಆಯಿಲ್ ಬದಲಿಸಿದ ತಾರೀಖನ್ನು ಟೇಪಿನ ಮೇಲೆ ಬರೆದು ಬಾನೆಟ್ ಒಳಗೆ ಅಂಟಿಸಿದ್ದೇನೆ. ಎರಡು ವರ್ಷಕ್ಕೆ ಮತ್ತೆ ಬದಲಿಸಬೇಕು.