ಅಡಿಕೆ ಹಾಳೆ, ಬಿದಿರಿನ ಬಿಸಿಲು ಟೊಪ್ಪಿ: ಐದನೇ ಮಾದರಿಯವರೆಗಿನ ಕೆಲಸ

ಈ ಟೊಪ್ಪಿ ಯಾರಿಗೆ ಅನ್ನುವುದು ಮೊದಲು. ಸಾಗರ, ಸೊರಬ, ಹೊಸನಗರದ ಕಡೆ ಶುಂಠಿ ಮಡಿಯಲ್ಲಿ ಬಗ್ಗಿ ಕೆಲಸ ಮಾಡುವವರು, ಸುಗ್ಗಿಯಲ್ಲಿ ಗದ್ದೆ ಕೊಯ್ಯುವವರು, ಅಂಗಳದಲ್ಲಿ ಬೇಯಿಸಿದ ಅಡಿಕೆ ಹರವಿ ಕೈಯಾಡಿಸುವವರು, ಬೇಸಿಗೆಯಲ್ಲಿ ಕೆರೆ ಹೂಳೆತ್ತುವವರು. ಅಡಿಕೆ ಮರ ಹತ್ತಿ ಕೊನೆ ಇಳಿಸುವ ಕೊನೆಗೌಡರಿಗಲ್ಲ. ಮರ ಹತ್ತುವವರು ಕತ್ತು ಮೇಲೆತ್ತಿಯೇ ಇರಬೇಕು. ಅಂಚು ಕಾಂಡಕ್ಕೆ ತಾಗಿ ಟೊಪ್ಪಿ ಕಣ್ಣಿನ ಮೇಲೆ ಜಾರಿದರೆ ಅಪಾಯ. ಕಳೆ ಕೊಚ್ಚುವ ಯಂತ್ರ ಹಿಡಿಯುವವರಿಗೂ ಆಗದು, ಮುಖದ ಜಾಲರಿ ಇದರ ಮೇಲೆ ಕೂರುವುದಿಲ್ಲ. ಕಟ್ಟಡದ ಕೆಲಸದಲ್ಲಿ ಹೆಲ್ಮೆಟ್ಟಿನ ಬದಲಿಗೆ ಇದನ್ನು ಹಾಕಲೇಬಾರದು.

ಇಟ್ಟುಕೊಂಡ ಗುರಿ ಮೂರು. ತೂಕ 100 ಗ್ರಾಂ ಒಳಗಿರಬೇಕು. ಹಾಳೆ (ಅಡಿಕೆ ಸೋಗೆಯ ಬುಡದಲ್ಲಿ ಮರವನ್ನು ಸುತ್ತಿಕೊಂಡಿರುವ ಅಗಲ ಪೊರೆ), ಬಿದಿರು, ಬಟ್ಟೆ ಎಲ್ಲ ಊರಲ್ಲೇ ಸಿಗಬೇಕು. ಬೆಳಗ್ಗೆ ಒಂಬತ್ತಕ್ಕೆ ಹಾಕಿದ್ದನ್ನು ಸಂಜೆಯವರೆಗೆ ತೆಗೆದು ಬದಿಗಿಡುವ ಹಾಗಾಗಬಾರದು. ಮೊದಲೆರಡು ಸುಲಭ. ಮೂರನೆಯದನ್ನು ಸಾಧಿಸುವಷ್ಟರಲ್ಲಿ ನಾಲ್ಕು ಮಾದರಿ ಹೋದವು. ಟೊಪ್ಪಿ ತಲೆಯಿಂದ ಇಳಿಯುವುದು ಬಿಸಿಲು ತಡೆಯಲಿಲ್ಲವೆಂದಲ್ಲ, ಒಳಗೆ ಬೆವರು ನಿಂತಿತೆಂದು. ಹಾಗಾಗಿ ಅಂಚಿಗಿಂತ ತಲೆಗೆ ತಾಗುವ ಜಾಗದ ಲೆಕ್ಕವೇ ಮುಖ್ಯ.

ನೆರಳಿನ ಲೆಕ್ಕ

ಶಿವಮೊಗ್ಗ ಸುಮಾರು 14 ಡಿಗ್ರಿ ಉತ್ತರ ಅಕ್ಷಾಂಶದಲ್ಲಿದೆ. ಏಪ್ರಿಲ್ ಕೊನೆಯ ವಾರ ಮತ್ತು ಆಗಸ್ಟ್ ಮಧ್ಯದಲ್ಲಿ ಸೂರ್ಯ ನಡುಹಗಲು ನೆತ್ತಿಯ ಮೇಲೇ ಬರುತ್ತಾನೆ. ನಮ್ಮಲ್ಲಿ ನಡುಹಗಲು ಅಂದರೆ ಗಡಿಯಾರದ ಹನ್ನೆರಡಲ್ಲ, ಹೆಚ್ಚುಕಡಿಮೆ ಹನ್ನೆರಡೂವರೆ. ಆಗ ಯಾವ ಅಂಚಾದರೂ ಸಾಕು. ತೊಂದರೆ ಇರುವುದು ಬೆಳಗ್ಗೆ ಒಂಬತ್ತೂವರೆಗೂ ಮಧ್ಯಾಹ್ನ ಮೂರೂವರೆಗೂ: ಏಪ್ರಿಲ್ ಕೊನೆಯಲ್ಲಿ ಆ ಹೊತ್ತಿಗೆ ಸೂರ್ಯ ಸುಮಾರು 45 ಡಿಗ್ರಿ ಎತ್ತರದಲ್ಲಿರುತ್ತಾನೆ. 45 ಡಿಗ್ರಿಯಲ್ಲಿ ಅಂಚು ಎಷ್ಟು ಅಗಲವೋ ನೆರಳು ಅಷ್ಟೇ ಕೆಳಗಿಳಿಯುತ್ತದೆ. 9 ಸೆಂ.ಮೀ. ಅಂಚಿಗೆ 9 ಸೆಂ.ಮೀ. ನೆರಳು, ಹಣೆಯಿಂದ ಮೂಗಿನವರೆಗೆ. 60 ಡಿಗ್ರಿಗೆ ಏರಿದರೆ ಅದೇ ಅಂಚು 15 ಸೆಂ.ಮೀ.ಗೂ ತುಸು ಹೆಚ್ಚು ಮುಚ್ಚುತ್ತದೆ.

ಅಡಿಕೆ ಸುಗ್ಗಿಯ ಜನವರಿಯಲ್ಲಿ ಲೆಕ್ಕ ಬೇರೆ. ನಡುಹಗಲಲ್ಲೂ ಸೂರ್ಯ 60 ಡಿಗ್ರಿ ದಾಟುವುದಿಲ್ಲ, ಬೆಳಗ್ಗೆ ಹತ್ತಕ್ಕೆ 40ರ ಒಳಗೇ. ಹಾಗೆಂದು ಅಂಚನ್ನು 12 ಸೆಂ.ಮೀ.ಗೆ ಅಗಲಿಸಿದರೆ ಗಾಳಿ ಹಿಡಿಯುತ್ತದೆ, ಇಳಿಜಾರಿನಲ್ಲಿ ಮುಂದಿನ ಹೆಜ್ಜೆ ಕಾಣುವುದಿಲ್ಲ, ಬುಟ್ಟಿಗೆ ಬಗ್ಗಿದರೆ ಅಂಚು ಬುಟ್ಟಿಗೆ ಬಡಿಯುತ್ತದೆ. ಮುಂದೆ 9, ಪಕ್ಕಗಳಲ್ಲಿ 7, ಹಿಂದೆ 4 ಸೆಂ.ಮೀ. ಎಂದು ನಿಲ್ಲಿಸಿದ್ದು ಇದಕ್ಕೇ. ಹಿಂದಿನ ಕೊರತೆಯನ್ನು ಬಟ್ಟೆ ತುಂಬುತ್ತದೆ. ಬಗ್ಗಿ ಕೆಲಸ ಮಾಡುವವರ ಕತ್ತಿನ ಹಿಂಭಾಗ ದಿನವಿಡೀ ಆಕಾಶಕ್ಕೆ ತೆರೆದಿರುತ್ತದೆ. ಅಲ್ಲಿಗೆ ಎಷ್ಟು ಅಗಲದ ಗಟ್ಟಿ ಅಂಚೂ ನೆರಳು ಕೊಡದು, ಜೋತುಬಿದ್ದ ಬಟ್ಟೆಯೇ ಬೇಕು.

ಬಿಟ್ಟ ಮಾದರಿಗಳು

ಮೊದಲನೆಯದು ಒಂದೇ ಹಾಳೆಯನ್ನು ನೆನೆಸಿ, ಮಡಚಿ, ಹೊಲಿದ ಹಳೇ ಕಾಲದ ಹಾಳೆ ಟೊಪ್ಪಿ. ಹೊರೆ ಹೊರಲು, ತಲೆಗೆ ಚೊಗರು (ಅಡಿಕೆ ಬೇಯಿಸಿದಾಗ ಬರುವ ಕಂದು ಒಗರು ನೀರು) ಅಂಟದಿರಲು ಅದು ಇವತ್ತಿಗೂ ಒಳ್ಳೆಯದು. ಆದರೆ ತಲೆಗೆ ಅಂಟಿಕೊಂಡು ಕೂರುತ್ತದೆ, ಗಾಳಿಗೆ ದಾರಿಯಿಲ್ಲ. ಹಾಳೆ ನೀರು ಹೀರಿ ಬಿಡುವ ವಸ್ತುವೂ ಅಲ್ಲ, ಬೆವರು ಹಣೆಗೇ ಇಳಿಯುತ್ತದೆ.

ಎರಡನೆಯದು ಸಸಿ ಮಡಿಗೆ ಕಟ್ಟುವ ಹಸಿರು ಶೇಡ್ ನೆಟ್‌ನದು. ತೂಕ 40 ಗ್ರಾಂ ಕೂಡ ಇಲ್ಲ, ಗಾಳಿ ಚೆನ್ನಾಗಿ ಆಡುತ್ತದೆ. ಆದರೆ ಶೇ. 75 ನೆರಳಿನ ನೆಟ್ ಅಂದರೆ ನಾಲ್ಕರಲ್ಲೊಂದು ಪಾಲು ಬಿಸಿಲು ಒಳಗೆ ಬಂತೆಂದೇ ಅರ್ಥ, 50ರದ್ದಾದರೆ ಅರ್ಧಕ್ಕರ್ಧ. ಎರಡು ಪದರ ಹಾಕಿದರೂ ಕಣ್ಣುಗಳು ಒಂದರ ಮೇಲೊಂದು ಕೂತ ಕಡೆ ಬಿಸಿಲು ನೇರ ಇಳಿಯುತ್ತದೆ. ಸಸಿಗೆ ಬೇಕಾದ ನೆರಳೇ ಬೇರೆ, ಮನುಷ್ಯನ ಚರ್ಮಕ್ಕೆ ಬೇಕಾದದ್ದೇ ಬೇರೆ.

ಮೂರನೆಯದು ಪೂರ್ತಿ ಬಿದಿರಿನ ಹೆಣಿಗೆ. ಗಟ್ಟಿ, ನೋಡಲೂ ಚಂದ, ತೂಕ 190 ಗ್ರಾಂ. ಕೈಬಿಟ್ಟೆವು.

ನಾಲ್ಕನೆಯದರಲ್ಲಿ ಬಿದಿರಿನ ಒಳಬಳೆ ಬಂತು. ಟೊಪ್ಪಿ ತಲೆಯ ಮೇಲೆ ಕೂರದೆ ಬಳೆಯ ಮೇಲೆ ನಿಲ್ಲಬೇಕು, ನೆತ್ತಿಗೂ ಚಾವಣಿಗೂ ನಡುವೆ ಗಾಳಿ ಓಡಬೇಕು ಎಂಬುದು ಎಣಿಕೆ. ಎಣಿಕೆ ಸರಿಯಿತ್ತು, ಮಾಡಿದ್ದು ತಪ್ಪಿತ್ತು. ಬಳೆಯನ್ನು 160 ಮಿ.ಮೀ. ಪಿವಿಸಿ ಪೈಪಿಗೆ ಸುತ್ತಿ ದುಂಡಗೆ ಮಾಡಲಾಗಿತ್ತು. ತಲೆ ದುಂಡಗಿಲ್ಲ, ಮುಂದಿನಿಂದ ಹಿಂದಕ್ಕೆ ಮೂರು ನಾಲ್ಕು ಸೆಂ.ಮೀ. ಉದ್ದ ಹೆಚ್ಚು. ಹಣೆಯಲ್ಲಿ ಒತ್ತಿತು, ಕಿವಿಯ ಮೇಲೆ ಸಡಿಲವಾಯಿತು. ಬಳೆಯ ಸುತ್ತ ಪೂರ್ತಿ ಬಟ್ಟೆ ಸುತ್ತಿದ್ದರಿಂದ ಒದ್ದೆ ಪಟ್ಟಿ ತಲೆಗೆ ಬಿಗಿದಂತಾಯಿತು, ಗಾಳಿಯ ದಾರಿಯೂ ಮುಚ್ಚಿತು.

ಐದನೇ ಮಾದರಿ: ಭಾಗಗಳು

ಒಳಬಳೆಗೆ ಹೆಬ್ಬಿದಿರಿನ ಸೀಳು, 60 ಸೆಂ.ಮೀ. ಉದ್ದ, 12 ಮಿ.ಮೀ. ಅಗಲ, 1 ಮಿ.ಮೀ. ದಪ್ಪ. ಹೊರಮೈ ಭಾಗವನ್ನೇ ತೆಗೆದುಕೊಳ್ಳಬೇಕು. ಒಳಗಿನ ತಿರುಳಿನ ಕಡೆ ಬಾಗಿಸುವಾಗಲೇ ಮುರಿಯುತ್ತದೆ, ಕುಟ್ಟೆ ಹುಳುವೂ ಅಲ್ಲೇ ಮೊದಲು ಹಿಡಿಯುತ್ತದೆ. ಬಿದಿರು ಮೂರು ವರ್ಷ ಬಲಿತಿರಬೇಕು. ಸೀಳುಗಳನ್ನು ಕಟ್ಟಿ ಹಳ್ಳದ ನೀರಿನಲ್ಲಿ ಎರಡು ಮೂರು ವಾರ ಮುಳುಗಿಸಿಟ್ಟರೆ ಒಳಗಿನ ಪಿಷ್ಟ ಇಳಿದುಹೋಗುತ್ತದೆ. ಹುಳುವಿಗೆ ಬೇಕಾದದ್ದು ಆ ಪಿಷ್ಟವೇ.

ಬಾಗಿಸಲು ಹಲಗೆಗೆ ಮೊಳೆ ಹೊಡೆದ ಅಚ್ಚು ಸಾಕು: 22 ಸೆಂ.ಮೀ. ಉದ್ದ, 18 ಸೆಂ.ಮೀ. ಅಗಲದ ಮೊಟ್ಟೆಯಾಕಾರ, ಹತ್ತು ಮೊಳೆ. ಬಿಸಿನೀರಲ್ಲಿ ಅರ್ಧ ಗಂಟೆ ಇಟ್ಟ ಸೀಳನ್ನು, ಹೊರಮೈ ಹೊರಗೇ ಇರುವಂತೆ, ಮೊಳೆಗಳ ನಡುವೆ ಬಾಗಿಸಿ ಎರಡು ದಿನ ನೆರಳಲ್ಲಿ ಬಿಡಬೇಕು. ಹಿಂದೆ ಬಳೆ ಕೂಡುವುದಿಲ್ಲ, ಅಲ್ಲಿ 6 ಸೆಂ.ಮೀ.ವರೆಗೆ ತೆರಪಿಟ್ಟು ಲಾಡಿಯಿಂದ ಬಿಗಿ ಮಾಡಿಕೊಳ್ಳಬಹುದು. ತುರುಬು, ಜಡೆ ಇರುವವರಿಗೆ ಆ ತೆರಪೇ ಜಾಗ. ಒಳಗೆ 8 ಮಿ.ಮೀ. ದಿಂಬು ಕೂತರೆ ಸುತ್ತಳತೆಯಲ್ಲಿ 5 ಸೆಂ.ಮೀ. ಕಡಿಮೆಯಾಗುತ್ತದೆ. ಹಾಗಾಗಿ ಒಂದೇ ಬಳೆ 55ರಿಂದ 61 ಸೆಂ.ಮೀ. ತಲೆಗೆ ಹೊಂದುತ್ತದೆ. ತಲೆಗೆ ತೆಳ್ಳಗಿನ ಟವೆಲ್ ಸುತ್ತಿ ಮೇಲೆ ಟೊಪ್ಪಿ ಹಾಕುವ ರೂಢಿಗೂ ಇದರಲ್ಲಿ ಜಾಗವಿದೆ. ಟವೆಲನ್ನು ಬಿಡಿಸಲು ಹೋಗಬಾರದು, ಬೆವರು ಒರೆಸಲು ಅದು ಬೇಕೇ ಬೇಕು.

ದಿಂಬುಗಳು ಐದು: ಹಣೆಗೆ ಒಂದು, ಕಿವಿಗಳ ಮೇಲೆ ಎರಡು, ಹಿಂದೆ ತೆರಪಿನ ಆಚೀಚೆ ಎರಡು. ಒಣಗಿದ ತುಪ್ಪದ ಹೀರೆಯ ನಾರನ್ನು 5 ಸೆಂ.ಮೀ. ಉದ್ದ, 2 ಸೆಂ.ಮೀ. ಅಗಲ, 12 ಮಿ.ಮೀ. ದಪ್ಪಕ್ಕೆ ಕತ್ತರಿಸಿ, ಒಂದೇ ಪದರ ಮಲ್ಮಲ್ ಸುತ್ತಿ ಬಳೆಗೆ ಹೊಲಿಯಬೇಕು. ತಲೆಯ ಒತ್ತಡಕ್ಕೆ ಅದು 8 ಮಿ.ಮೀ.ಗೆ ಕೂರುತ್ತದೆ. ಸ್ಪಂಜು ಹಾಕಿ ನೋಡಿಯಾಗಿದೆ. ಬೆವರು ಕುಡಿದು ಕುಡಿದು ಎರಡನೇ ವಾರಕ್ಕೆ ನಾರುತ್ತದೆ. ಹೀರೆ ನಾರಿನಲ್ಲಿ ಬೆವರು ನಿಲ್ಲುವುದಿಲ್ಲ, ಸಂಜೆ ನೀರಲ್ಲಿ ಹಿಂಡಿದರೆ ಬೆಳಗ್ಗೆಗೆ ಒಣಗಿರುತ್ತದೆ. ಮಲ್ಮಲ್ ಇಲ್ಲದೆ ಹಾಕಿದರೆ ಹಣೆ ಕೆಂಪಾಗುತ್ತದೆ, ಒಣ ನಾರು ಒರಟು. ದಿಂಬುಗಳ ನಡುವಿನ ಜಾಗ ಖಾಲಿ ಉಳಿಯಲೇಬೇಕು, ಗಾಳಿ ಒಳಬರುವುದು ಅಲ್ಲಿಂದ.

ಅಂಚು ಹಾಳೆಯದು. ಬಿದ್ದು ಒಂದೆರಡು ದಿನದೊಳಗಿನ, ಬೂಷ್ಟು ಹಿಡಿಯದ, ಬಿಡಿಸಿದಾಗ 35 ಸೆಂ.ಮೀ.ಗಿಂತ ಅಗಲವಿರುವ ಹಾಳೆ ಬೇಕು. ಎಳೆಗಳು ಮುಂದಿನಿಂದ ಹಿಂದಕ್ಕೆ ಹಾಯುವಂತೆ ಕತ್ತರಿಸಬೇಕು. ಒಳಮೈ ಮೇಲೋ ಕೆಳಗೋ ಎಂಬುದು ಬಹಳ ದಿನ ಕಾಡಿದ ಪ್ರಶ್ನೆ. ಒಳಮೈ ಬಿಳಿ, ನುಣುಪು. ಮೇಲಿಟ್ಟರೆ ಬಿಸಿಲು ಹಿಂದಕ್ಕೆ ಹೊಡೆಯುತ್ತದೆ. ಆದರೆ ಮರವನ್ನು ಅಪ್ಪಿಕೊಂಡಿದ್ದ ಹಾಳೆ ಒಣಗುತ್ತ ಒಳಮೈ ಕಡೆಗೇ ಸುರುಳುತ್ತದೆ, ಹಾಗಿಟ್ಟರೆ ಪಕ್ಕದ ಅಂಚುಗಳು ಮೇಲಕ್ಕೇಳುತ್ತವೆ, ಕಿವಿಗೆ ನೆರಳಿಲ್ಲ. ಕೆಳಗಿಟ್ಟರೆ ಅಂಚು ತಾನಾಗಿ ಕಿವಿಯ ಕಡೆ ಬಾಗುತ್ತದೆ. ಕೆಳಗೇ ಇಟ್ಟಿದ್ದೇವೆ. ಅಂಚು ಬಿಸಿಯಾದರೂ ಅದು ತಲೆಯ ಮೇಲಿಲ್ಲ, ಬದಿಯಲ್ಲಿದೆ. ಬಣ್ಣ ಲೆಕ್ಕಕ್ಕೆ ಬರುವುದು ನೆತ್ತಿಯ ಬಟ್ಟೆಯಲ್ಲಿ.

ಇದರಿಂದ ಇನ್ನೊಂದು ತೊಡಕು ಹುಟ್ಟಿತು. ಬಿಳಿ ಒಳಮೈ ಕೆಳಗಿದ್ದರೆ ಅಂಗಳದಿಂದ ಎದ್ದ ಬೆಳಕು ಅದಕ್ಕೆ ಬಡಿದು ಕಣ್ಣಿಗೆ ಬರುತ್ತದೆ. ಅಡಿಕೆ ಒಣಗಿಸುವ ಕಡೆ ಇದು ದೊಡ್ಡ ಕಾಟ. ಪರಿಹಾರ ಅಂಗಳದಲ್ಲೇ ಇತ್ತು, ಚೊಗರು. ಹಣೆಯ ಮುಂದಿನ ಭಾಗವನ್ನು ಮರಳು ಕಾಗದದಿಂದ ತುಸು ಉಜ್ಜಿ, ಗಟ್ಟಿ ಚೊಗರನ್ನು ಮೂರು ಸಲ ಬಳಿದು ಒಣಗಿಸಿದರೆ ಕಡುಕಂದು ಬಣ್ಣ ಕೂರುತ್ತದೆ. ಉಜ್ಜದಿದ್ದರೆ ಹಿಡಿಯುವುದಿಲ್ಲ. ಬಳೆಯಿಂದ 2 ಸೆಂ.ಮೀ. ದೂರಕ್ಕೇ ನಿಲ್ಲಿಸಬೇಕು. ಬೆವರು ತಾಗಿದ ಚೊಗರು ಮಲ್ಮಲ್‌ಗೆ ಇಳಿದರೆ ಆ ಕಲೆ ಹೋಗದು.

ಅಂಚಿನ ಆಕಾರ ಲಾಳದಂತೆ, ಹಿಂದೆ 6 ಸೆಂ.ಮೀ. ಕಚ್ಚು. ಹಾಳೆಯ ದೊಡ್ಡ ದೋಷ ಎಳೆಯುದ್ದಕ್ಕೂ ಸೀಳುವುದು. ಹೊರ ಅಂಚಿಗೆ 6 ಮಿ.ಮೀ. ಅಗಲದ ಬಿದಿರ ಸೀಳು ಕೊಟ್ಟು, ಬಟ್ಟೆಯನ್ನು ಓರೆಯಾಗಿ ಕತ್ತರಿಸಿದ 3 ಸೆಂ.ಮೀ. ಕ್ರಾಸ್ ಪಟ್ಟಿಯಿಂದ ಮುಚ್ಚಿ ಹೊಲಿದರೆ ಸೀಳು ಅಲ್ಲಿಗೇ ನಿಲ್ಲುತ್ತದೆ. ತೂತುಗಳು ಅಂಚಿನಿಂದ 8 ಮಿ.ಮೀ. ಒಳಗಿರಲಿ, ಕಾಯಿಸಿದ ದಬ್ಬಳದಿಂದ ಮಾಡಬೇಕು. ತಣ್ಣನೆಯ ದಬ್ಬಳ ಎಳೆಗಳನ್ನು ಬಿಡಿಸಿಬಿಡುತ್ತದೆ. ಕಾದದ್ದು ತೂತಿನ ಸುತ್ತ ಸುಟ್ಟು ಗಟ್ಟಿ ಮಾಡುತ್ತದೆ. ತೂತುಗಳನ್ನು ಒಂದೇ ಎಳೆಯ ಮೇಲೆ ಸಾಲಾಗಿ ಮಾಡಬೇಡಿ, ಹಾವಿನ ನಡೆಯಂತೆ ಹಿಂದೆ ಮುಂದೆ ಇರಲಿ. ಹೊಲಿಗೆ ಹಾಳೆ ತೇವವಿದ್ದಾಗಲೇ ಆಗಬೇಕು. ಆಮೇಲೆ ಎರಡು ದಿನ ಮಣೆಯಡಿ ಇಟ್ಟು ಮೇಲೆ ಕಲ್ಲು ಹೇರಿ ನೆರಳಲ್ಲಿ ಒಣಗಿಸಬೇಕು. ಬೇಗ ಆಗಲೆಂದು ಬಿಸಿಲಿಗಿಟ್ಟವು ಎಲ್ಲವೂ ಸೊಟ್ಟಗಾದವು.

ನೆತ್ತಿಗೆ 5 ಮಿ.ಮೀ. ಅಗಲದ ಎರಡು ಬಿದಿರ ಸೀಳು ಅಡ್ಡಡ್ಡ ಬಿಲ್ಲಿನಂತೆ, ತಲೆಯಿಂದ 25 ಮಿ.ಮೀ. ಮೇಲೆ. ಅದರ ಮೇಲೆ ಒತ್ತಾಗಿ ನೆಯ್ದ ತೆಳು ಬಣ್ಣದ ಪಾಪ್ಲಿನ್. ಅಂಚಿನಿಂದ 3 ಸೆಂ.ಮೀ. ಎತ್ತರಕ್ಕೆ ಸುತ್ತ ಸೊಳ್ಳೆಪರದೆಯ ಪಟ್ಟಿ, ಅದರ ಮೇಲೆ ಪಾಪ್ಲಿನ್ 4 ಸೆಂ.ಮೀ. ಸೂರಿನಂತೆ ಇಳಿಯುತ್ತದೆ. ಬಿಸಿಗಾಳಿ ಅಲ್ಲಿಂದ ಹೊರಹೋಗುತ್ತದೆ, ಬಿಸಿಲು ಒಳಬರುವುದಿಲ್ಲ.

ಕತ್ತಿನ ಬಟ್ಟೆ 40 ಸೆಂ.ಮೀ. ಅಗಲ, 20 ಸೆಂ.ಮೀ. ಇಳಿ. ತೆಳ್ಳಗಿನ ಬಿಳಿ ಬಟ್ಟೆ ಬೇಡ. ಸಾಧಾರಣ ಬಿಳಿ ಟೀ ಶರ್ಟಿನ ಯುಪಿಎಫ್ (ಬಟ್ಟೆ ನೇರಳಾತೀತ ಕಿರಣವನ್ನು ಎಷ್ಟು ತಡೆಯುತ್ತದೆಂಬ ಅಳತೆ) 5ರಿಂದ 7ರ ಆಸುಪಾಸು, ಅಂದರೆ ಐದಾರು ಪಾಲಿನಲ್ಲಿ ಒಂದು ಪಾಲು ನೇರಳಾತೀತ ಕಿರಣ ಒಳಬರುತ್ತದೆ. ಒದ್ದೆಯಾದರೆ ಇನ್ನೂ ಹೆಚ್ಚು. ತಂಪಿಗೆಂದು ಈ ಬಟ್ಟೆಯನ್ನು ನೆನೆಸಿಕೊಳ್ಳುವವರೇ ಜಾಸ್ತಿ, ಹಾಗಾಗಿ ಗಾಢ ನೀಲಿಯ ಒತ್ತು ನೇಯ್ಗೆ. ಬಟ್ಟೆಯನ್ನು ಬೆಳಕಿಗೆ ಹಿಡಿದಾಗ ಸೂಜಿಮೊನೆಯಷ್ಟು ಚುಕ್ಕೆಗಳು ಕಂಡರೆ ಅದು ಬೇಡ. ಬಗ್ಗಿದಾಗ ಈ ಬಟ್ಟೆ ಕೆನ್ನೆಯ ಮೇಲೆ ಜಾರಿ ಮುಖಕ್ಕೆ ಬರುತ್ತಿತ್ತು. ಕೆಳಗಿನ ಎರಡು ಮೂಲೆಗಳಿಗೆ ಕುಣಿಕೆ ಹೊಲಿದು, ಗದ್ದದ ಲಾಡಿ ಅದರೊಳಗೆ ಹಾಯುವಂತೆ ಮಾಡಿದ ಮೇಲೆ ನಿಂತಿತು.

ಲಾಡಿ ಎರಡು ಕವಲಾಗಿ ಕಿವಿಯ ಮುಂದೆ, ಹಿಂದೆ ಇಳಿದು ಗದ್ದದ ಕೆಳಗೆ ಸೇರುತ್ತದೆ. ಹಿಂದಿನ ಕವಲು ಹಿಂತಲೆಯ ಉಬ್ಬಿನ ಕೆಳಗೆ ಕೂತರೆ ಬಗ್ಗಿದಾಗ ಟೊಪ್ಪಿ ಮುಂದಕ್ಕೆ ಬೀಳುವುದಿಲ್ಲ. ಒಂದು ಕಡೆ ಲಾಡಿಯನ್ನು ಒಂಟಿ ಎಳೆ ಹತ್ತಿ ದಾರದಿಂದಲೇ ಹೊಲಿದಿರಬೇಕು, ಕೊಂಬೆಗೆ ಸಿಕ್ಕಿದರೆ ಹರಿದು ಬಿಡಬೇಕು, ಕತ್ತು ಎಳೆಯಬಾರದು. ಅಡಿಕೆ ಸುಲಿಯುವ ಯಂತ್ರದ ಹತ್ತಿರ ಟೊಪ್ಪಿಯನ್ನೇ ತೆಗೆದಿಡಿ. ಬೆಲ್ಟಿಗೆ ಬಟ್ಟೆಯ ತುದಿ ಸಿಕ್ಕರೆ ದಾರ ಹರಿಯುವವರೆಗೂ ಅದು ಕಾಯುವುದಿಲ್ಲ.

ತೂಕ: ಹಾಳೆ 48 ಗ್ರಾಂ, ಬಿದಿರು ಎಲ್ಲ ಸೇರಿ 12, ಬಟ್ಟೆ 20, ದಿಂಬು 7, ಲಾಡಿ ಮತ್ತು ದಾರ 6. ಒಟ್ಟು 93 ಗ್ರಾಂ. ಒಂದು ಮೀಟರ್ ಬಟ್ಟೆಯಲ್ಲಿ ಐದು ಟೊಪ್ಪಿ ಆಗುತ್ತವೆ.

ತಲೆಹೊರೆಯವರಿಗೆ

ಮಣ್ಣಿನ ಬಾಂಡ್ಲಿ, ಬುಟ್ಟಿ ಹೊರುವವರಿಗೆ ನೆತ್ತಿಯ ಭಾಗವೇ ಇರಬಾರದು. ಬಿಲ್ಲು, ಬಟ್ಟೆ ಬಿಟ್ಟು, ಮುಂದಿನ ಅಂಚನ್ನು 6 ಸೆಂ.ಮೀ.ಗೆ ಇಳಿಸಿ, ನಡುವಿನ ತೆರಪಿನಲ್ಲಿ ಟವೆಲಿನ ಸಿಂಬೆ ನೇರ ತಲೆಯ ಮೇಲೆ ಕೂರುವಂತೆ ಮಾಡಲಾಗಿದೆ. ಸಿಂಬೆ ಬಳೆಗಿಂತ ಎರಡು ಬೆರಳು ಎತ್ತರವಿರಲೇಬೇಕು. ಭಾರ ಒಂದು ಸಲ ಬಿದಿರಿನ ಮೇಲೆ ಬಿದ್ದರೆ ಸೀಳು ಮುರಿದು ಹಣೆಗೆ ಚುಚ್ಚುತ್ತದೆ. ಸಿಂಬೆಯನ್ನು ತಗ್ಗಾಗಿ ಕಟ್ಟುವ ರೂಢಿಯಿರುವವರಿಗೆ ಇದನ್ನು ಕೊಡುತ್ತಿಲ್ಲ, ಇದಕ್ಕೆ ಇನ್ನೂ ದಾರಿ ಹುಡುಕಬೇಕು.

ಉಳಿದಿರುವುದು

ಏಪ್ರಿಲ್, ಮೇ ತಿಂಗಳ ಸಂಜೆಯ ಗುಡುಗು ಮಳೆಗೆ ಹಾಳೆ ಮೆತ್ತಗಾಗುತ್ತದೆ. ಆ ರಾತ್ರಿಯೇ ಮಣೆಯಡಿ ಇಟ್ಟರೆ ಸರಿ, ಮೊಳೆಗೆ ನೇತುಹಾಕಿದರೆ ಬೆಳಗ್ಗೆ ಸೊಟ್ಟ. ಮಳೆಗಾಲದಲ್ಲಿ ಗೋಡೆಗೆ ಇಟ್ಟವಕ್ಕೆ ಬೂಷ್ಟು ಬಂತು, ಒಲೆಯ ಮೇಲಿನ ಅಟ್ಟದಲ್ಲಿ ಇಟ್ಟವಕ್ಕೆ ಬರಲಿಲ್ಲ. ಹೊಗೆಯೊಲೆ ಇಲ್ಲದ ಮನೆಗಳಿಗಾಗಿ ಅಂಚನ್ನು ಬಿಚ್ಚಿ ಬೇರೆ ಹಾಳೆ ಹಾಕುವಂತೆ, ಒಳಬಳೆಗೆ ಹೊಲಿಗೆಯ ಬದಲು ಆರು ಕಡೆ ದಾರದ ಗಂಟು ಕೊಟ್ಟು ನೋಡಲಾಗುತ್ತಿದೆ. ಆರು ಗಂಟಿಗೆ ಅಂಚು ಗಾಳಿಯಲ್ಲಿ ಪಟಪಟ ಬಡಿಯುತ್ತಿದೆ. ಮುಂದಿನ ಸಲ ಹಣೆಯ ಹತ್ತಿರ ಇನ್ನೆರಡು ಹೆಚ್ಚಿಸಿ, ಸುಗ್ಗಿ ಶುರುವಾಗುವ ಹೊತ್ತಿಗೆ ಎಂಟು ಗಂಟಿನದನ್ನು ಗದ್ದೆಗೆ ಕಳಿಸಬೇಕು.